ಸ್ಟಾರ್ ಫೆರ್ರಿ: ಹತ್ತು ನಿಮಿಷದ ದೋಣಿ, ಐದು ಸೆಂಟಿನ ಕತೆ

ಹಾಂಗ್‌ಕಾಂಗ್‌ಗೆ ಹೊರಟವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಒಂದೇ ಮಾತು. ಸ್ಟಾರ್ ಫೆರ್ರಿ ಹತ್ತಿ, ಕೌಲೂನ್ ದಡಕ್ಕೂ ಎದುರಿನ ಹಾಂಗ್‌ಕಾಂಗ್ ದ್ವೀಪಕ್ಕೂ ನಡುವೆ ಬಂದರು ದಾಟಿಸುವ ದೋಣಿ ಅದು. ಡಿಸ್ನಿಲ್ಯಾಂಡ್, ಶಾಪಿಂಗ್ ಎಲ್ಲ ಆಮೇಲೆ ಇದ್ದೇ ಇದೆ. ಆಫೀಸಿನ ಕೆಲಸಕ್ಕೆ ಅಂತ ನಾನು ಅಲ್ಲಿಗೆ ನಾಲ್ಕು ಸಲ ಹೋಗಿದ್ದೇನೆ. ಮೊನ್ನೆ ಹೋದಾಗ ಒಂದೇ ಸಂಜೆ ಮೂರು ಬಾರಿ ಆ ದಡಕ್ಕೂ ಈ ದಡಕ್ಕೂ ಓಡಾಡಿದೆ. ನಾನು ಸಾಗರದ ಕಡೆಯವನು, ಸಿಗಂದೂರಿನ ಲಾಂಚ್ ನೋಡಿ ಬೆಳೆದವನು. ದೋಣಿಯ ಕಟ್ಟೆಯಲ್ಲಿ ಕಾಯುವುದು ನನಗೆ ಯಾವತ್ತೂ ಬೇಜಾರಿನ ಕೆಲಸ ಅಲ್ಲ.

ಮೊದಲ ಸಲ ಹೋದಾಗ ಒಂದು ಟೂರ್ ಕಂಪನಿಯ ಹಾರ್ಬರ್ ಟ್ರಿಪ್‌ಗೆ ಜಾಸ್ತಿ ದುಡ್ಡು ಕೊಟ್ಟಿದ್ದೆ. ಎರಡು ಗಂಟೆ ಜೋರು ಹಾಡು, ಒಂದು ಲೋಟ ಜ್ಯೂಸ್, ಬಣ್ಣದ ದೀಪ, ಅಷ್ಟೇ. ಈ ಬಂದರು ಯಾಕೆ ಇಲ್ಲಿದೆ, ಈ ಊರು ಹೇಗೆ ಬದುಕಿ ಉಳಿಯಿತು ಅಂತ ಗೈಡ್ ಒಂದು ಮಾತೂ ಹೇಳಲಿಲ್ಲ. ಮಾರನೇ ದಿನ ಐದಾರು ಹಾಂಗ್‌ಕಾಂಗ್ ಡಾಲರ್ ಕೊಟ್ಟು ಸ್ಟಾರ್ ಫೆರ್ರಿ ಹತ್ತಿದೆ. ಅದೇ ನೀರು, ಅದೇ ಕಟ್ಟಡಗಳು. ಆದರೆ ಪಕ್ಕದಲ್ಲಿ ಕೂತವರು ಆಫೀಸು ಮುಗಿಸಿ ತರಕಾರಿ ಚೀಲ ಹಿಡಿದು ಮನೆಗೆ ಹೋಗುತ್ತಿದ್ದ ಜನ. ಅವತ್ತೇ ಈ ದೋಣಿ ಇಷ್ಟ ಆಯಿತು.

ಹೇಗಿರುತ್ತದೆ ಅಂತ ಹೇಳುತ್ತೇನೆ. ಕೌಲೂನ್ ದಡದ ಚಿಮ್ ಶಾ ಚೂಯ್ ಗೇಟಿನ ಹಿಂದೆ ನಿಂತಿರುತ್ತೀರಿ. ಹಸಿರು ಬಿಳಿ ಬಣ್ಣದ ದೋಣಿ ಬಂದು ಕಟ್ಟೆಗೆ ಮೆಲ್ಲಗೆ ಗುದ್ದುತ್ತದೆ. ನೀಲಿ ಬಟ್ಟೆಯ ನಾವಿಕ ಉದ್ದ ಕೋಲಿನ ಕೊಕ್ಕೆಯಲ್ಲಿ ದಪ್ಪ ಹಗ್ಗವನ್ನು ಸೆಳೆದುಕೊಂಡು ಗೂಟಕ್ಕೆ ಸುತ್ತುತ್ತಾನೆ. ಹಲಗೆ ಧಡ್ ಅಂತ ಬೀಳುತ್ತದೆ, ಗೇಟು ತೆರೆಯುತ್ತದೆ. ಒಳಗೆ ಮರದ ಬೆಂಚುಗಳು. ಬೆನ್ನು ಆನಿಸುವ ಹಲಗೆಯಲ್ಲಿ ನಕ್ಷತ್ರದ ಆಕಾರದಲ್ಲಿ ಸಣ್ಣ ಸಣ್ಣ ತೂತುಗಳಿವೆ, ಬೆರಳಿಟ್ಟು ನೋಡಿ. ಆ ಹಲಗೆಯನ್ನು ಹಿಡಿದು ತಳ್ಳಿದರೆ ಟಕ್ ಅಂತ ಆ ಕಡೆಗೆ ಹೋಗುತ್ತದೆ. ದೋಣಿಗೆ ಎರಡೂ ಕಡೆ ಮುಖ ಇದೆ, ಅದು ತಿರುಗುವುದೇ ಇಲ್ಲ, ಜನರೇ ಸೀಟಿನ ಬೆನ್ನನ್ನು ತಿರುಗಿಸಿಕೊಂಡು ಹೋಗುವ ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ. ಅಲ್ಲಿಯ ಅಜ್ಜಿಯರು ಇದನ್ನು ಒಂದೇ ಕೈಯಲ್ಲಿ, ನೋಡದೆಯೇ ಮಾಡುತ್ತಾರೆ.

ಇದನ್ನು ಶುರು ಮಾಡಿದವರು ನಮ್ಮ ದೇಶದಿಂದ ಹೋದ ಪಾರ್ಸಿ, ದೊರಾಬ್ಜಿ ನವರೋಜಿ ಮಿಠಾಯಿವಾಲಾ. 1852ರಲ್ಲಿ ಹಡಗಿನಲ್ಲಿ ಕದ್ದು ಕೂತು ಹಾಂಗ್‌ಕಾಂಗ್ ಸೇರಿದರು ಅಂತ ಹೇಳುತ್ತಾರೆ. ಅಡುಗೆ ಕೆಲಸ, ಬೇಕರಿ, ಹೋಟೆಲ್, ಆಮೇಲೆ ಹಬೆ ದೋಣಿ. 1888ರಲ್ಲಿ ಕೌಲೂನ್ ಫೆರ್ರಿ ಕಂಪನಿ ಕಟ್ಟಿದರು. ಹತ್ತು ವರ್ಷದ ಮೇಲೆ ಅದು ಬೇರೆಯವರ ಕೈಗೆ ಹೋಗಿ ಸ್ಟಾರ್ ಫೆರ್ರಿ ಆಯಿತು. ದೋಣಿಗಳಿಗೆಲ್ಲ ಇವತ್ತಿಗೂ ನಕ್ಷತ್ರದ ಹೆಸರೇ.

ಈಗ ಐದು ಸೆಂಟಿನ ವಿಷಯ. ಈ ದೋಣಿಯನ್ನು ನಾನು ಬರೀ ದೋಣಿ ಅಂತ ನೋಡಲು ಆಗದೆ ಹೋದದ್ದು ಇದನ್ನು ಓದಿದ ಮೇಲೆ.

1965ರ ಕೊನೆಗೆ ಕಂಪನಿ ಫಸ್ಟ್ ಕ್ಲಾಸ್ ಟಿಕೆಟ್ಟನ್ನು 20 ಸೆಂಟಿನಿಂದ 25 ಸೆಂಟಿಗೆ ಏರಿಸಲು ಸರ್ಕಾರದ ಅನುಮತಿ ಕೇಳಿತು. ಬರೀ ಐದು ಸೆಂಟ್, ಅದೂ ಮೇಲಿನ ಅಂತಸ್ತಿನಲ್ಲಿ ಕೂರುವವರಿಗೆ. ಆದರೆ ಆಗ ಸುರಂಗ ಇರಲಿಲ್ಲ, ಮೆಟ್ರೋ ಇರಲಿಲ್ಲ. ಬಂದರು ದಾಟಬೇಕು ಅಂದರೆ ದೋಣಿಯೇ ಗತಿ. ಇದು ಏರಿದರೆ ಬಸ್ಸು, ಬಾಡಿಗೆ, ಅಕ್ಕಿ ಎಲ್ಲವೂ ಏರುತ್ತದೆ ಅಂತ ಜನರಿಗೆ ಭಯ. ಎಲ್ಸಿ ಎಲಿಯಟ್ ಅನ್ನುವ ಅರ್ಬನ್ ಕೌನ್ಸಿಲ್ ಸದಸ್ಯೆ ಸಾವಿರಾರು ಸಹಿ ಸಂಗ್ರಹಿಸಿದರು. 1966ರ ಏಪ್ರಿಲ್ 4ರಂದು ಸೋ ಸೌ-ಚುಂಗ್ ಅನ್ನುವ ಯುವಕ ದ್ವೀಪದ ಕಡೆಯ ಕಟ್ಟೆಯಲ್ಲಿ ಒಬ್ಬನೇ ಉಪವಾಸ ಕೂತ. ಕಪ್ಪು ಜಾಕೆಟ್, ಅದರ ಮೇಲೆ ದರ ಏರಿಕೆ ಬೇಡ ಅನ್ನುವ ಬರಹ. ಮಾರನೇ ದಿನ ಪೊಲೀಸರು ಹಿಡಿದುಕೊಂಡು ಹೋದರು. ಆಮೇಲೆ ಕೌಲೂನ್ ಬೀದಿಗಳಲ್ಲಿ ಗಲಭೆ, ಕರ್ಫ್ಯೂ, ಒಬ್ಬರ ಸಾವು, ಸಾವಿರಕ್ಕೂ ಹೆಚ್ಚು ಜನರ ಬಂಧನ.

ಯೋಚನೆ ಮಾಡಿ, ಐದು ಸೆಂಟಿಗೆ ಒಂದು ಸರ್ಕಾರ ನಡುಗಿತು. ಯಾಕೆ? ಹಾಂಗ್‌ಕಾಂಗ್ ಆಗ ಬ್ರಿಟಿಷರ ವಸಾಹತು, ಗವರ್ನರ್ ಲಂಡನ್ನಿನಿಂದ ಬರುತ್ತಿದ್ದ. ಶಾಸನ ಸಭೆಗೆ ಜನ ನೇರವಾಗಿ ಮತ ಹಾಕಿದ್ದು ಮೊದಲ ಸಲ 1991ರಲ್ಲಿ, ಅಂದರೆ ಬ್ರಿಟಿಷರು ಹೊರಡಲು ಆರು ವರ್ಷ ಇರುವಾಗ. ಅಲ್ಲಿಯ ತನಕ ಮಾಮೂಲಿ ಜನರ ಸಿಟ್ಟಿಗೆ ಹೋಗಲು ದಾರಿಯೇ ಇರಲಿಲ್ಲ. ಸರ್ಕಾರವೇ ನೇಮಿಸಿದ ತನಿಖಾ ಆಯೋಗ ಕೂಡ ಆಳುವವರಿಗೂ ಜನರಿಗೂ ನಡುವೆ ದೊಡ್ಡ ಅಂತರ ಇದೆ ಅಂತ ಒಪ್ಪಿಕೊಂಡಿತು. ಒಬ್ಬ ಹುಡುಗ ಒಂದು ಕಟ್ಟೆಯಲ್ಲಿ ಊಟ ಬಿಟ್ಟು ಕೂತು ಅದನ್ನು ತೋರಿಸಿಕೊಟ್ಟ. ಅವನು ಕೂತ ಆ ಹಳೆ ಕಟ್ಟೆ ಈಗ ಇಲ್ಲ. ಸಮುದ್ರ ತುಂಬಿಸಿ ರಸ್ತೆ ಮಾಡಲು 2006ರಲ್ಲಿ ಕೆಡವಿದರು, ಆಗಲೂ ಜನ ಅಡ್ಡ ನಿಂತಿದ್ದರು. ನನಗೆ ಅದು ನಿಜವಾಗಿ ದುಃಖದ ವಿಷಯ. ಈಗಿನದು ಏಳನೇ ನಂಬರಿನ ಕಟ್ಟೆ, ಪಕ್ಕದಲ್ಲೇ ಎಂಟನೇ ಕಟ್ಟೆಯಲ್ಲಿ ಮ್ಯಾರಿಟೈಮ್ ಮ್ಯೂಸಿಯಂ ಇದೆ. ಸಮಯ ಇದ್ದರೆ ಅದನ್ನೂ ನೋಡಿ.

ದೋಣಿ ಕೌಲೂನ್ ಬಿಟ್ಟ ತಕ್ಷಣ ಹಿಂದೆ ತಿರುಗಿ ನೋಡಿ. ಇಟ್ಟಿಗೆ ಬಣ್ಣದ ಗಡಿಯಾರದ ಗೋಪುರ ಕಾಣುತ್ತದೆ. ಅಲ್ಲಿ ಕೌಲೂನ್‌ನಿಂದ ಚೀನಾದ ಕ್ಯಾಂಟನ್‌ಗೆ ಹೋಗುವ ರೈಲಿನ ಕೊನೆಯ ನಿಲ್ದಾಣವಿತ್ತು. ನಿಲ್ದಾಣ ಹೋಯಿತು, ಗೋಪುರ ಉಳಿಯಿತು. 1949ರ ಅಕ್ಟೋಬರ್‌ನಲ್ಲಿ ಮಾವೋ ಸೈನ್ಯ ಗಡಿಯ ಸಣ್ಣ ನದಿಯ ತನಕ ಬಂದು ನಿಂತಿತು. ನೇರ ರೈಲು ನಿಂತುಹೋಯಿತು. ಆಮೇಲೆ ಸುಮಾರು ಮೂವತ್ತು ವರ್ಷ, 1979ರ ತನಕ, ಆ ಕಡೆಯಿಂದ ಬರುವವರು ಲೋ ವೂ ಸೇತುವೆಯನ್ನು ಗಂಟು ಮೂಟೆ ಹೊತ್ತು ನಡೆದು ದಾಟಬೇಕಿತ್ತು. ಆದರೆ ಊಟದ ಸಾಮಾನು ಹೊತ್ತ ಗೂಡ್ಸ್ ರೈಲು ಬರುತ್ತಲೇ ಇತ್ತು. 1962ರಿಂದ ದಿನಕ್ಕೆ ಮೂರು ವಿಶೇಷ ರೈಲು, ಜೀವಂತ ಹಂದಿ, ಕೋಳಿ, ತರಕಾರಿ ತುಂಬಿಕೊಂಡು. ಹಾಂಗ್‌ಕಾಂಗ್ ಜನರ ರಾತ್ರಿಯ ಊಟ ಬೆಳಿಗ್ಗೆ ಕಮ್ಯುನಿಸ್ಟ್ ಚೀನಾದಿಂದ ಹೊರಟಿರುತ್ತಿತ್ತು ಅಂದರೆ ತಪ್ಪಲ್ಲ.

ಆ ಸೈನ್ಯ ಯಾಕೆ ಒಳಗೆ ಬರಲಿಲ್ಲ ಅಂತ ನನಗೂ ತುಂಬಾ ದಿನ ಪ್ರಶ್ನೆ ಇತ್ತು. ಬಂದಿದ್ದರೆ ತಡೆಯಲು ಬ್ರಿಟಿಷರಿಂದ ಆಗುತ್ತಿರಲಿಲ್ಲ. 1941ರ ಡಿಸೆಂಬರ್‌ನಲ್ಲಿ ಜಪಾನ್ ಈ ಊರನ್ನು ಹದಿನೆಂಟೇ ದಿನದಲ್ಲಿ ಹಿಡಿದುಕೊಂಡಿತ್ತು, ಅದನ್ನು ಉಳಿಸಲು ಹೋರಾಡಿ ಸತ್ತವರಲ್ಲಿ ನಮ್ಮ ರಜಪೂತ್, ಪಂಜಾಬ್ ರೆಜಿಮೆಂಟಿನ ಸೈನಿಕರೂ ಇದ್ದರು. ಚೀನಾ ಹಾಗೆ ಮಾಡದೆ ಇದ್ದದ್ದಕ್ಕೆ ಕಾರಣ ದುಡ್ಡು. ಅಮೆರಿಕ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಬೀಜಿಂಗ್‌ಗೆ ವಿದೇಶಿ ಹಣ ಬರುತ್ತಿದ್ದ ಕಿಟಕಿ ಇದೊಂದೇ ದೊಡ್ಡದು. ಹಂದಿ ಮಾರಿದ ದುಡ್ಡು, ತರಕಾರಿ ಮಾರಿದ ದುಡ್ಡು, ಹೊರದೇಶದಲ್ಲಿದ್ದ ಚೀನೀಯರು ಊರಿಗೆ ಕಳಿಸುತ್ತಿದ್ದ ದುಡ್ಡು, ಎಲ್ಲ ಈ ದಾರಿಯಲ್ಲೇ ಹೋಗುತ್ತಿತ್ತು. ಚೀನಾದ ಪ್ರಧಾನಿ ಚೌ ಎನ್-ಲೈ ಅವರ ನೀತಿಯೂ ಅದೇ ಆಗಿತ್ತು. ಆತುರ ಬೇಡ, ಪೂರ್ತಿ ಉಪಯೋಗಿಸಿಕೊಳ್ಳೋಣ ಅಂತ. ಅಂದರೆ ಈ ಊರು ಸುರಕ್ಷಿತವಾಗಿದ್ದದ್ದು ತನ್ನ ಬಲದಿಂದ ಅಲ್ಲ, ಪಕ್ಕದವರಿಗೆ ಉಪಯೋಗಕ್ಕೆ ಬರುವ ತನಕ ಮಾತ್ರ. ಲಕ್ಷಾಂತರ ಜನ ಆ ನಂಬಿಕೆಯ ಮೇಲೆ ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ಅಂಗಡಿ ತೆರೆದರಲ್ಲ, ಅದು ನನ್ನ ಮನಸ್ಸಿಗೆ ತುಂಬಾ ತಟ್ಟುತ್ತದೆ.

ಬಂದರು ಇದ್ದದ್ದೇ ಚೀನಾಕ್ಕೆ ಸಾಮಾನು ಹೋಗಿ ಬರಲು. ಕೊರಿಯಾ ಯುದ್ಧ ಶುರುವಾದಾಗ ಆ ಒಂದೇ ಕಸುಬಿಗೆ ಪೆಟ್ಟು ಬಿತ್ತು. ಮೊದಲು ಅಮೆರಿಕ, 1951ರ ಮೇನಲ್ಲಿ ವಿಶ್ವಸಂಸ್ಥೆ, ಚೀನಾಕ್ಕೆ ಸಾಮಾನು ಕಳಿಸುವುದನ್ನು ತಡೆದವು. 1951ರಲ್ಲಿ ಚೀನಾಕ್ಕೆ ಹೋದ ಸರಕು ಸುಮಾರು 160 ಕೋಟಿ ಹಾಂಗ್‌ಕಾಂಗ್ ಡಾಲರ್‌ನದು, ಮರುವರ್ಷ 52 ಕೋಟಿ. ಈ ಜಗಳದಲ್ಲಿ ಹಾಂಗ್‌ಕಾಂಗ್‌ನ ತಪ್ಪು ಏನೂ ಇರಲಿಲ್ಲ. ಒಂದು ಕಡೆ ಬ್ರಿಟನ್, ಅಮೆರಿಕ, ಇನ್ನೊಂದು ಕಡೆ ಚೀನಾ, ನಡುವೆ ಈ ಊರಿನ ಕೂಲಿಗಳ ಊಟ. ಅಮೆರಿಕಕ್ಕೆ ಏನಾದರೂ ಮಾರಬೇಕಾದರೆ ಅದು ಕಮ್ಯುನಿಸ್ಟ್ ಚೀನಾದ ಮಾಲು ಅಲ್ಲ ಅಂತ ಸರ್ಟಿಫಿಕೇಟ್ ಬೇಕು. ಒಣಗಿಸಿದ ಬಾತುಕೋಳಿಗೂ ಅದು ಬೇಕಾಯಿತು, ಯಾಕೆಂದರೆ ಮೊಟ್ಟೆ ಬರುತ್ತಿದ್ದದ್ದು ಗಡಿಯ ಆ ಕಡೆಯಿಂದ. ಮೊಟ್ಟೆ ಅಲ್ಲಿಯದು, ಮರಿಯಾದದ್ದು ಇಲ್ಲಿ, ಹಾಗಾದರೆ ಈ ಬಾತು ಯಾರದು? ಅಧಿಕಾರಿಗಳು ಕೂತು ಇದನ್ನು ಬಗೆಹರಿಸಬೇಕಾಯಿತು. ಬಾತು ಒಣಗಿಸಿ ಮಾರುತ್ತಿದ್ದ ಒಂದು ಕುಟುಂಬಕ್ಕೆ ಆ ಉತ್ತರ ಬರುವ ತನಕ ಹೇಗಾಗಿರಬೇಡ.

ಊರು ಮಾತ್ರ ಕೈ ಕಟ್ಟಿ ಕೂರಲಿಲ್ಲ. ಶಾಂಘೈನಿಂದ ಓಡಿ ಬಂದ ಗಿರಣಿ ಮಾಲೀಕರು, ಕ್ಯಾಂಟನ್ ಕಡೆಯಿಂದ ಬರಿಗೈಯಲ್ಲಿ ಬಂದ ಲಕ್ಷಾಂತರ ಜನ, ಎಲ್ಲ ಸೇರಿ ಬಟ್ಟೆ, ಪ್ಲಾಸ್ಟಿಕ್ ಹೂವು, ಆಟದ ಸಾಮಾನು ಮಾಡತೊಡಗಿದರು. ಅಲ್ಲೂ ಕಷ್ಟ ತಪ್ಪಲಿಲ್ಲ. 1959ರಲ್ಲಿ ಲ್ಯಾಂಕಾಶೈರ್ ಗಿರಣಿಗಳ ಒತ್ತಡಕ್ಕೆ ಸಿಕ್ಕಿ ಬ್ರಿಟನ್‌ಗೆ ಕಳಿಸುವ ಹತ್ತಿ ಬಟ್ಟೆಗೆ "ಸ್ವಂತ ಇಚ್ಛೆಯಿಂದ" ಮಿತಿ ಹಾಕಿಕೊಳ್ಳಬೇಕಾಯಿತು. ಆಳುವವರೇ ಮಾಲು ಬೇಡ ಅಂದರೆ ವಸಾಹತು ಯಾರ ಹತ್ತಿರ ಹೋಗಿ ಕೇಳಬೇಕು ಹೇಳಿ.

ಮತ್ತೆ ನೀರು. ದೋಣಿಯಿಂದ ಬಗ್ಗಿ ನೋಡಿದರೆ ಸುತ್ತ ನೀರೇ ನೀರು, ಕುಡಿಯಲು ಒಂದು ಹನಿ ಇಲ್ಲ. ಹಾಂಗ್‌ಕಾಂಗ್‌ನಲ್ಲಿ ದೊಡ್ಡ ನದಿ ಇಲ್ಲ, ಕೆರೆಯೂ ಇಲ್ಲ. ಮಳೆ ಬಂದರೆ ಉಂಟು. 1963ರಲ್ಲಿ ಮಳೆ ಕೈಕೊಟ್ಟಿತು. ನನ್ನ ಸಹೋದ್ಯೋಗಿಯೊಬ್ಬರ ತಾಯಿ ಆಗ ಸಣ್ಣ ಹುಡುಗಿ, ಸರ್ಕಾರ ಕಟ್ಟಿಸಿಕೊಟ್ಟ ಬಹುಮಹಡಿ ವಠಾರದಲ್ಲಿ ಒಂದೇ ಕೋಣೆಯ ಮನೆ. ಅವರ ಮನೆಗೆ ಊಟಕ್ಕೆ ಹೋದಾಗ ನಾನೇ ಕೆದಕಿ ಕೇಳಿದೆ. ನಾಲ್ಕು ದಿನಕ್ಕೊಮ್ಮೆ ನಾಲ್ಕು ಗಂಟೆ ನೀರು ಬಿಡುತ್ತಿದ್ದರಂತೆ. ಬೀದಿ ನಲ್ಲಿಯ ಮುಂದೆ ಸೀಮೆಎಣ್ಣೆ ಡಬ್ಬಗಳ ಸಾಲು. ಅಕ್ಕಿ ತೊಳೆದ ನೀರಿನಲ್ಲಿ ತರಕಾರಿ ತೊಳೆಯುವುದು, ತರಕಾರಿ ತೊಳೆದದ್ದರಲ್ಲಿ ಕಾಲು, ಕಾಲು ತೊಳೆದದ್ದರಲ್ಲಿ ನೆಲ. ಕೆಳಗಿನ ಮನೆಯವರು ನಲ್ಲಿ ಬಿಟ್ಟರೆ ಮೇಲಿನವರಿಗೆ ಬರುತ್ತಿರಲಿಲ್ಲ, ಅದಕ್ಕೆ ಎಲ್ಲರೂ ಕಿಟಕಿಯಿಂದ ತಲೆ ಹಾಕಿ "ಕೆಳಗಿನವರೇ, ನಲ್ಲಿ ನಿಲ್ಲಿಸಿ" ಅಂತ ಕೂಗುತ್ತಿದ್ದರು. ಆ ಕೂಗು ಆ ತಲೆಮಾರಿನ ಎಲ್ಲರಿಗೂ ನೆನಪಿದೆ. ಅವರು ಕ್ಯಾಂಟನೀಸ್‌ನಲ್ಲಿ ಕೂಗಿ ತೋರಿಸಿದರು, ಮಗಳು ನನಗೆ ಅರ್ಥ ಹೇಳಿದರು. ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಕಾದವನಿಗೆ ಜಾಸ್ತಿ ವಿವರಿಸಬೇಕಾಗಿರಲಿಲ್ಲ.

ಸರ್ಕಾರ ಹಡಗುಗಳನ್ನು ಬಾಡಿಗೆಗೆ ಹಿಡಿದು ಪರ್ಲ್ ನದಿಯಿಂದ ನೀರು ತರಿಸಿತು. ಕೊನೆಗೆ 1964ರಲ್ಲಿ ಚೀನಾದ ಜೊತೆ ಒಪ್ಪಂದ ಆಯಿತು. ಡೋಂಗ್‌ಜಿಯಾಂಗ್ ನದಿಯ ನೀರನ್ನು 83 ಕಿಲೋಮೀಟರ್ ದೂರ, ಪಂಪುಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆತ್ತಿ ತರುವ ಕೆಲಸ. 1965ರ ಮಾರ್ಚ್‌ನಲ್ಲಿ ನೀರು ಬಂತು. ಆವತ್ತು ಜನರಿಗೆ ಎಷ್ಟು ನೆಮ್ಮದಿ ಆಗಿತ್ತು ಅಂತ ಆ ತಾಯಿ ಹೇಳುವಾಗ ಮುಖ ಅರಳಿತ್ತು. ನೆಮ್ಮದಿ ನಿಜ, ಆದರೆ ಊಟದ ಜೊತೆ ನೀರಿನ ಕೀಲಿಯೂ ಗಡಿ ದಾಟಿತು. ಇವತ್ತಿಗೂ ಹಾಂಗ್‌ಕಾಂಗ್ ಕುಡಿಯುವ ನೀರಿನ ಮುಕ್ಕಾಲು ಪಾಲು ಅಲ್ಲಿಂದಲೇ ಬರುತ್ತದೆ. ಸಿಹಿನೀರು ಉಳಿಸಲು ಬಹುಪಾಲು ಮನೆಗಳ ಟಾಯ್ಲೆಟ್‌ಗೆ ಸಮುದ್ರದ ಉಪ್ಪುನೀರು ಬಿಡುತ್ತಾರೆ.

ಎರಡೇ ವರ್ಷದಲ್ಲಿ ಆ ಕೀಲಿಯ ಪರೀಕ್ಷೆ ಬಂತು. 1967ರ ಮೇನಲ್ಲಿ ಪ್ಲಾಸ್ಟಿಕ್ ಹೂವಿನ ಕಾರ್ಖಾನೆಯೊಂದರಲ್ಲಿ ಕಾರ್ಮಿಕರ ಜಗಳ ಶುರುವಾಯಿತು. ಆ ಕಡೆ ಮಾವೋನ ಸಾಂಸ್ಕೃತಿಕ ಕ್ರಾಂತಿ ಉರಿಯುತ್ತಿತ್ತು, ಅದರ ಕಿಡಿ ಇಲ್ಲಿ ಬಿತ್ತು. ಮಾವೋನ ಮಾತುಗಳ ಕೆಂಪು ಪುಸ್ತಕ ಹಿಡಿದು ಗವರ್ನರ್ ಮನೆ ಮುಂದೆ ಮೆರವಣಿಗೆ, ಮುಷ್ಕರ, ಪೊಲೀಸರ ಲಾಠಿ, ಬೀದಿಯಲ್ಲಿ ಬಾಂಬು. ಜುಲೈ 8ರಂದು ಗಡಿಯ ಶಾ ತಾವ್ ಕೊಕ್‌ನಲ್ಲಿ ಆ ಕಡೆಯಿಂದ ಗುಂಡು ಹಾರಿ ಐವರು ಪೊಲೀಸರು ಸತ್ತರು. ಎಡಪಂಥೀಯರನ್ನು ರೇಡಿಯೋದಲ್ಲಿ ಟೀಕಿಸುತ್ತಿದ್ದ ಲಾಮ್ ಬುನ್ ಅವರನ್ನು ಕಾರಿನಲ್ಲೇ ಬೆಂಕಿ ಹಚ್ಚಿ ಕೊಂದರು. ಆ ಗಲಭೆಯಲ್ಲಿ ಒಟ್ಟು 51 ಜನ ಸತ್ತರು. ಅದೇ ಬೇಸಿಗೆ ಮಳೆಯೂ ಇಲ್ಲ. ಒಪ್ಪಂದದ ಪ್ರಕಾರ ಅಕ್ಟೋಬರ್ ತನಕ ಚೀನಾದ ನೀರು ಬರುವ ಹಾಗಿರಲಿಲ್ಲ, ಹೆಚ್ಚಿಗೆ ಕೊಡಿ ಅಂತ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಮತ್ತೆ ನಾಲ್ಕು ದಿನಕ್ಕೊಮ್ಮೆ ನಾಲ್ಕು ಗಂಟೆ. ಕೊಡುತ್ತಾರೋ ಇಲ್ಲವೋ ಅಂತ ಇಡೀ ಊರು ಕಾದು ಕೂತಿತ್ತು. ಅಕ್ಟೋಬರ್ 1ಕ್ಕೆ ಸರಿಯಾಗಿ ನೀರು ಬಂತು. ಇಷ್ಟಾದ ಮೇಲೆ ನವೆಂಬರ್‌ನಲ್ಲಿ ಲಂಡನ್ ಪೌಂಡಿನ ಬೆಲೆಯನ್ನು ಶೇಕಡಾ 14.3 ಇಳಿಸಿತು. ಹಾಂಗ್‌ಕಾಂಗ್‌ನ ಉಳಿತಾಯ ಇದ್ದದ್ದೇ ಪೌಂಡಿನಲ್ಲಿ. ಒಂದೇ ವರ್ಷ ಎರಡೂ ಕಡೆಯಿಂದ ಪೆಟ್ಟು.

ದ್ವೀಪ ಹತ್ತಿರ ಬರುವಾಗ ಕಟ್ಟಡಗಳನ್ನು ಗಮನಿಸಿ. ಚೂಪಾದ ಗಾಜಿನದು ಬ್ಯಾಂಕ್ ಆಫ್ ಚೀನಾ, ಅದರ ಬಳಿ ಎಚ್‌ಎಸ್‌ಬಿಸಿ. ಇನ್ನಷ್ಟು ಎಡಕ್ಕೆ, ಬುಡದಲ್ಲಿ ಕುತ್ತಿಗೆಯ ಹಾಗೆ ಸಣ್ಣಗಾಗಿ ಮೇಲೆ ದಪ್ಪ ಆಗುವ ಕಟ್ಟಡ ಬ್ರಿಟಿಷ್ ಸೈನ್ಯದ ಕೇಂದ್ರ ಆಗಿತ್ತು, ಈಗ ಚೀನಾ ಸೈನ್ಯದ್ದು. ಬ್ರಿಟಿಷರು 1898ರಲ್ಲಿ ಚೀನಾದಿಂದ 99 ವರ್ಷಕ್ಕೆ ಗುತ್ತಿಗೆ ಹಿಡಿದ ಜಾಗದ ಅವಧಿ 1997ಕ್ಕೆ ಮುಗಿಯುತ್ತಿತ್ತು. 1982ರಲ್ಲಿ ಬ್ರಿಟನ್ ಪ್ರಧಾನಿ ಥ್ಯಾಚರ್ ಬೀಜಿಂಗ್‌ಗೆ ಹೋದರು, ಮಾತುಕತೆ ಹದಗೆಟ್ಟಿತು. 1983ರ ಸೆಪ್ಟೆಂಬರ್ 24ರ ಶನಿವಾರ ಒಂದು ಅಮೆರಿಕನ್ ಡಾಲರಿಗೆ 9.60 ಹಾಂಗ್‌ಕಾಂಗ್ ಡಾಲರ್ ತನಕ ಬಿತ್ತು, ಜನ ಅಂಗಡಿಗೆ ನುಗ್ಗಿ ಅಕ್ಕಿ, ಟಾಯ್ಲೆಟ್ ಪೇಪರ್ ಖಾಲಿ ಮಾಡಿದರು. ಅಕ್ಟೋಬರ್ 17ಕ್ಕೆ 7.80ಕ್ಕೆ ಗಂಟು ಹಾಕಿದರು, ಇವತ್ತಿಗೂ ನೀವು ಡಾಲರ್ ಬದಲಾಯಿಸುವಾಗ ಸಿಗುವ ದರ ಅದರ ಆಸುಪಾಸಿನದೇ. ಮರುವರ್ಷ ಡಿಸೆಂಬರ್‌ನಲ್ಲಿ, 1997ಕ್ಕೆ ಹಾಂಗ್‌ಕಾಂಗನ್ನು ಚೀನಾಕ್ಕೆ ಒಪ್ಪಿಸುವ ಒಪ್ಪಂದಕ್ಕೆ ಬ್ರಿಟನ್, ಚೀನಾ ಸಹಿ ಹಾಕಿದವು. ಆ ಮೇಜಿನ ಮುಂದೆ ಹಾಂಗ್‌ಕಾಂಗ್ ಜನರಿಗೆ ಕುರ್ಚಿ ಇರಲಿಲ್ಲ. ಅರ್ಧ ಕೋಟಿಗೂ ಹೆಚ್ಚು ಜನರ ಬಾಳು, ಅವರನ್ನು ಕೂರಿಸದೆ ತೀರ್ಮಾನ ಮಾಡಿದ್ದು ನನಗೆ ಇವತ್ತಿಗೂ ಅನ್ಯಾಯ ಅಂತಲೇ ಅನಿಸುತ್ತದೆ.

ಇಷ್ಟು ಹೊತ್ತಿಗೆ ದೋಣಿ ದಡ ಸೇರಿರುತ್ತದೆ.

ಹೋಗುವವರಿಗೆ ಕೆಲವು ಮಾತು. ಅಲ್ಲಿಯ ಬಸ್ಸು, ಮೆಟ್ರೋಗೆ ಬಳಸುವ ಆಕ್ಟೋಪಸ್ ಕಾರ್ಡ್ ಇದ್ದರೆ ಗೇಟಿನಲ್ಲಿ ತಟ್ಟಿ ಹೋಗಬಹುದು. ಶನಿವಾರ, ಭಾನುವಾರ, ರಜಾದಿನಗಳಲ್ಲಿ ದರ ಸ್ವಲ್ಪ ಜಾಸ್ತಿ. ಬೆಳಿಗ್ಗೆ ಆರೂವರೆಯಿಂದ ರಾತ್ರಿ ಹನ್ನೊಂದೂವರೆ ತನಕ ಓಡುತ್ತದೆ, ದೊಡ್ಡ ಚಂಡಮಾರುತದ ಎಚ್ಚರಿಕೆ ಬಂದರೆ ಮಾತ್ರ ನಿಲ್ಲುತ್ತದೆ. ಮೊದಲ ಸಲ ಮೇಲಿನ ಅಂತಸ್ತಿನಲ್ಲಿ ಹೋಗಿ, ನೋಟ ಅಲ್ಲಿ ಚೆನ್ನ. ಚಿಮ್ ಶಾ ಚೂಯ್‌ನಿಂದ ದ್ವೀಪದ ಸೆಂಟ್ರಲ್‌ಗೆ ಸಂಜೆ ಹೋಗುವಾಗ ಬಲಗಡೆ ಕೂರಿ, ಸೂರ್ಯ ಮುಳುಗುವುದು ಆ ಕಡೆಗೆ. ವಾಪಸ್ ಬರುವಾಗ ಕೆಳಗಿನ ಅಂತಸ್ತು. ಇಂಜಿನ್ನಿನ ಸದ್ದು, ನೀರಿನ ತುಂತುರು, ಹಗ್ಗದವನ ಕೆಲಸ ಎಲ್ಲ ಹತ್ತಿರದಿಂದ ಸಿಗುತ್ತದೆ. ಐದಕ್ಕೆ ಐದು ಕೊಡುತ್ತೇನೆ, ಒಂದು ಚೂರೂ ಯೋಚಿಸದೆ. ಇಳಿಯುವಾಗ ಅವಸರ ಬೇಡ, ಹಲಗೆ ಪೂರ್ತಿ ಕೆಳಗೆ ಬರಲಿ. ವಯಸ್ಸಾದವರು ತುಂಬಾ ಜನ ಇರುತ್ತಾರೆ, ಅವರಿಗೆ ಮೊದಲು ದಾರಿ ಬಿಡಿ. ಅವರಲ್ಲಿ ಯಾರಾದರೂ ಮಾತಿಗೆ ಸಿಕ್ಕಿದರೆ ನೀರಿನ ಡಬ್ಬದ ಕಾಲದ ಬಗ್ಗೆ ಕೇಳಿ.